11 ಕೆವಿ ಕೆಲಸಕ್ಕೆ ದರ್ಜೆ 2ರ ರಬ್ಬರ್ ಕೈಗವಸು: ಒಂದು ಮಳೆಗಾಲದ ಬಳಕೆಯ ನಂತರ

ಮಲೆನಾಡಿನಲ್ಲಿ 11 ಕೆವಿ (11,000 ವೋಲ್ಟ್) ವಿದ್ಯುತ್ ಮಾರ್ಗಗಳ ದುರಸ್ತಿಯನ್ನು ಗುತ್ತಿಗೆಗೆ ಮಾಡುವ ನಮ್ಮ ತಂಡಕ್ಕೆ ಕಳೆದ ಮುಂಗಾರಿಗೆ ಮೊದಲು ದರ್ಜೆ 2ರ ರಬ್ಬರ್ ಕೈಗವಸುಗಳನ್ನು ತರಿಸಿದ್ದೆವು. ತೀರ್ಥಹಳ್ಳಿ, ಸಾಗರದ ಕಡೆ ಮಳೆ ಹಿಡಿದರೆ ಮರ ಬಿದ್ದು ತಂತಿ ಹರಿಯುವುದು ನಿತ್ಯದ ಮಾತಾದ್ದರಿಂದ, ಅವುಗಳ ಗುಣವೂ ಕೊರತೆಯೂ ಒಂದೇ ಹಂಗಾಮಿನಲ್ಲಿ ತಿಳಿದುಬಂದವು.

ಮೊದಲು ದರ್ಜೆಯ ವಿಚಾರ. ಐಇಸಿ 60903 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ದರ್ಜೆ 2ರ ಕೈಗವಸನ್ನು 17,000 ವೋಲ್ಟ್‌ವರೆಗಿನ ಮಾರ್ಗದಲ್ಲಿ ಬಳಸಬಹುದು, ಮತ್ತು ಅದು 20,000 ವೋಲ್ಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಕಡಿಮೆ ಬೆಲೆಗೆ ಸಿಗುವ ದರ್ಜೆ 0 ಕೇವಲ 1,000 ವೋಲ್ಟ್‌ಗೆ. ಟಿಸಿಯ (ಟ್ರಾನ್ಸ್‌ಫಾರ್ಮರ್) ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ, ಬದಿಗೆ ಅದು ಸಾಕು, 11 ಕೆವಿಗೆ ಸಲ್ಲದು. ಗುರುತಿನ ಬಣ್ಣ ಕೆಂಪಾಗಿದ್ದರೆ ದರ್ಜೆ 0, ಹಳದಿಯಾಗಿದ್ದರೆ ದರ್ಜೆ 2. ಕೊಳ್ಳುವವರು ಅಂಗಡಿಯವರ ಮಾತನ್ನಲ್ಲ, ಈ ಗುರುತನ್ನು ನೋಡಿ ಕೊಳ್ಳಬೇಕು.

ಕೈಗವಸಿನ ನಿಜವಾದ ಪರೀಕ್ಷೆ ಅದು ಕೆಲಸಗಾರನ ಕೈಯಲ್ಲಿ ಉಳಿಯುತ್ತದೆಯೇ ಎಂಬುದರಲ್ಲಿದೆ. ದರ್ಜೆ 2ರ ರಬ್ಬರ್ ಎರಡು ಮಿಲಿಮೀಟರ್‌ಗಿಂತಲೂ ದಪ್ಪವಿರಬಹುದಾದ್ದರಿಂದ ಬೆರಳು ಬಿಗಿಯಾಗುತ್ತದೆ, ಬೆವರು ನಿಲ್ಲುತ್ತದೆ. ನಮಗೆ ಬಂದ ಜೊತೆಗಳಲ್ಲಿ ಹೆಚ್ಚಿನವು 11ನೇ ಅಳತೆಯವು. ನಮ್ಮ ಹುಡುಗರ ಕೈಗೆ 9 ಅಥವಾ 10 ಸರಿಹೊಂದುತ್ತದೆ. ಬೆರಳ ತುದಿ ಜೋಲುವ ಕೈಗವಸಿನಲ್ಲಿ ನಟ್ ಬಿಗಿಮಾಡುವುದು ಕಷ್ಟ, ಕಷ್ಟವಾದಾಗ ಯಾರಾದರೂ ಅದನ್ನು ಕಳಚಿಬಿಡುತ್ತಾರೆ, ಅವಘಡಕ್ಕೆ ದಾರಿಯಾಗುವುದು ಅಲ್ಲಿಯೇ. ಸರಿಯಾದ ಅಳತೆಯವು ಬಂದು, ಒಳಗೆ ತೆಳುವಾದ ಹತ್ತಿ ಗವಸು ಹಾಕಿಕೊಂಡ ಮೇಲೆ ಜಿಒಎಸ್ (ಮೂರೂ ತಂತಿಗಳನ್ನು ಒಟ್ಟಿಗೆ ಕಡಿಯುವ ಕಂಬದ ಸ್ವಿಚ್) ಹಿಡಿಕೆ ಎಳೆಯುವುದಕ್ಕಾಗಲಿ, ತಂತಿಯನ್ನು ಭೂಮಿಗೆ ಜೋಡಿಸುವ ಡಿಸ್ಚಾರ್ಜ್ ರಾಡ್ ಹಿಡಿಯುವುದಕ್ಕಾಗಲಿ ಯಾರೂ ತಕರಾರು ಮಾಡಲಿಲ್ಲ. ಮಾರ್ಗದ ತಂತಿಯನ್ನು ಇನ್ಸುಲೇಟರಿಗೆ ಕಟ್ಟುವ ಬೈಂಡಿಂಗ್ ತಂತಿ ಸುತ್ತುವಂತಹ ಸೂಕ್ಷ್ಮ ಕೆಲಸಕ್ಕೆ ಮಾತ್ರ ಇವು ಒಗ್ಗುವುದಿಲ್ಲ.

ಮೇಲೆ ಹಾಕುವ ಚರ್ಮದ ಗವಸನ್ನು ಬೇರೆಯಾಗಿ ಕೊಳ್ಳಬೇಕಾಯಿತು, ಆ ಖರ್ಚು ಸಾರ್ಥಕವಾಗಿದೆ. ತುಂಡಾದ ತಂತಿಯ ಮೊನೆ ರಬ್ಬರಿಗೆ ತಾಗಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ ಸಾಕು, ರಕ್ಷಣೆ ಹೋದಂತೆಯೇ. ಒಳಪದರ ಬೇರೆ ಬಣ್ಣದ್ದಾದರೆ ಗೀರು ಬೇಗ ಕಾಣುವುದರಿಂದ ಎರಡು ಬಣ್ಣದ ಜೊತೆಯನ್ನೇ ಆರಿಸುವುದು ಒಳ್ಳೆಯದು. ಪ್ರತಿದಿನ ಬೆಳಗ್ಗೆ ಕೈ ತೂರಿಸುವ ತುದಿಯಿಂದ ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿದು, ಕೆನ್ನೆಯ ಬಳಿ ತಂದು ಗಾಳಿ ಸೋರುತ್ತದೆಯೇ ಎಂದು ನೋಡಬೇಕು. ಬಿಸಿಲು, ಎಣ್ಣೆ, ಗ್ರೀಸ್ ರಬ್ಬರನ್ನು ಹಾಳುಮಾಡುತ್ತವೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಮಡಚಿ ಇಡುವ ಅಭ್ಯಾಸವನ್ನು ನಾವು ಕಟ್ಟುನಿಟ್ಟಾಗಿ ನಿಲ್ಲಿಸಿದ್ದೇವೆ. ಆರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಮರುಪರೀಕ್ಷೆಯೂ ಆಗಬೇಕು.

ಆದರೆ ಕೈಗವಸು ಇದೆಯೆಂದು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಮಾರ್ಗದ ವಿದ್ಯುತ್ ನಿಲ್ಲಿಸಿ ಕೊಡುವ ಅನುಮತಿ) ಪಡೆಯದೆ ಕಂಬ ಹತ್ತುವಂತಿಲ್ಲ. ಉಪಕೇಂದ್ರದಿಂದ ಲೈನ್ ಕ್ಲಿಯರ್ ಸಿಕ್ಕ ಮೇಲೂ ಮಾರ್ಗದಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಡಿಸ್ಚಾರ್ಜ್ ರಾಡಿನ ಭೂಮಿಯ ಕ್ಲಾಂಪನ್ನು ಮೊದಲು ಜೋಡಿಸಿ, ಆಮೇಲೆ ಮೂರೂ ತಂತಿಗಳಿಗೆ ಕೊಕ್ಕೆ ಹಾಕಬೇಕು. ತೆಗೆಯುವಾಗ ಕ್ರಮ ತಿರುಗುಮುರುಗು. ಯಾರದೋ ಮನೆಯ ಜನರೇಟರ್ ಟಿಸಿಯ ಮೂಲಕ ಹಿಮ್ಮುಖವಾಗಿ 11 ಕೆವಿ ಉಂಟುಮಾಡಬಲ್ಲದಾದ್ದರಿಂದ ಕೆಲಸದ ಜಾಗದ ಎರಡೂ ಕಡೆ ಅರ್ತ್ ಮಾಡುವುದು ಅನಿವಾರ್ಯ. ಆ ರಾಡುಗಳನ್ನು ಹಾಕುವ ಕ್ಷಣದವರೆಗೂ ಕೈಯನ್ನು ಕಾಯುವುದು ಈ ಕೈಗವಸೇ.

ಸರಬರಾಜಿನ ಬಗ್ಗೆ ಒಂದು ಗಂಭೀರ ಆಕ್ಷೇಪವಿದೆ. ಬಂದ ಜೊತೆಗಳಲ್ಲಿ ಕೆಲವಕ್ಕೆ ತಯಾರಿಕೆಯ ತಿಂಗಳು, ವರ್ಷದ ಮುದ್ರೆಯಾಗಲಿ, ಪರೀಕ್ಷಾ ಪ್ರಮಾಣಪತ್ರವಾಗಲಿ ಇರಲಿಲ್ಲ. ರಬ್ಬರಿಗೆ ವಯಸ್ಸಾಗುವ ಕಾರಣ ಅಂಥವನ್ನು ಒಪ್ಪಿಕೊಳ್ಳುವುದು ಸರಿಯಲ್ಲವೆಂದು ಹಿಂತಿರುಗಿಸಿದೆವು. ಬಹಳ ಪತ್ರವ್ಯವಹಾರದ ನಂತರ ಬದಲಿ ಬಂದವು. ಮುದ್ರೆ, ಪ್ರಮಾಣಪತ್ರ ಮತ್ತು ಬೇಕಾದ ಅಳತೆಯನ್ನು ಆದೇಶದಲ್ಲಿಯೇ ಬರೆದು ಕೇಳುವ ಗುತ್ತಿಗೆದಾರರಿಗೆ ಈ ಕೈಗವಸುಗಳನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.