‘ಅಳತೆ ಮಾಡಿದ ಹಾದಿ’ ಎಂಬ ಮಾತು ನಂಬಿ ಎರಡು ಸಲ ಹಳ್ಳಕ್ಕೆ ಬಿದ್ದೆ

ಒಂದೇ ಆಯೋಜಕರ ಎರಡು ಸ್ಪರ್ಧೆಗಳಿಗೆ ಒಟ್ಟಿಗೆ ಹಣ ಕಟ್ಟಿದ ಬುದ್ಧಿವಂತ ನಾನು. ಎರಡಕ್ಕೂ ಒಮ್ಮೆಲೇ ನೋಂದಾಯಿಸಿದರೆ ರಿಯಾಯಿತಿ ಎಂದಿದ್ದರು. ಆ ಆಸೆಗೆ ಬಿದ್ದದ್ದು ನನ್ನದೇ ತಪ್ಪು, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಉಳಿದದ್ದೆಲ್ಲ ಅವರ ತಪ್ಪು. ಮೊದಲು ಒಂದು ಹಾಫ್ ಮ್ಯಾರಥಾನ್, ಅದಾದ ಏಳು ವಾರಕ್ಕೆ ಒಂದು ಟ್ರಯಥ್ಲಾನ್, ಅಂದರೆ ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಹೆಸರಿನ ಸುತ್ತಲೇ ಸುತ್ತುತ್ತದೆ, ಇಂಥ ಇನ್ನೊಬ್ಬರು ನಿಮ್ಮ ಮುಂದೆ ಬಂದಾಗ ನೀವು ಗುರುತಿಸುವುದಿಲ್ಲ.

ಹಾಫ್ ಮ್ಯಾರಥಾನ್‌ನಲ್ಲಿ ನನ್ನ ಹಳೆಯ ಸಮಯ 2 ಗಂಟೆ 1 ನಿಮಿಷ 40 ಸೆಕೆಂಡ್. ಎರಡು ಗಂಟೆಯೊಳಗೆ ಮುಗಿಸಬೇಕೆಂಬ ಹುಚ್ಚು ಎಂಥದ್ದು ಎಂದು ಓಡುವವರಿಗೆ ಹೇಳಬೇಕಿಲ್ಲ. ಮೂರು ವರ್ಷ ಆ 100 ಸೆಕೆಂಡುಗಳ ಹಿಂದೆ ಬಿದ್ದಿದ್ದೆ. ನಸುಕಿನಲ್ಲಿ ಎದ್ದು ಓಡಿದ್ದೇನೆ, ಹಿಮ್ಮಡಿ ನೋವಿನಲ್ಲಿ ಎರಡು ತಿಂಗಳು ಕುಂಟಿದ್ದೇನೆ, ಮನೆಯವರಿಂದ ಬೈಸಿಕೊಂಡಿದ್ದೇನೆ. ಆ ದಿನ ಕೊನೆಯ ತಿರುವು ದಾಟಿದಾಗ ಗಡಿಯಾರದ ಫಲಕದಲ್ಲಿ 1:56 ಎಂದಿತ್ತು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. 1:56! ಚಿಪ್ ಸಮಯ, ಅಂದರೆ ಮೈಮೇಲಿನ ಸಣ್ಣ ಚಿಪ್ ಗೆರೆ ದಾಟುವಾಗ ದಾಖಲಾಗುವ ಸಮಯ, 1:56:12. ಗೆರೆ ದಾಟಿ ಮಂಡಿಯೂರಿ ಕುಳಿತು ಅತ್ತುಬಿಟ್ಟೆ. ಅದರ ಛಾಯಾಚಿತ್ರವೂ ಇದೆ, ಆಯೋಜಕರೇ ತೆಗೆದದ್ದು. ಈಗ ಅದನ್ನು ತಮ್ಮ ಮುಂದಿನ ವರ್ಷದ ಪ್ರಚಾರಕ್ಕೆ ಬಳಸುತ್ತಿದ್ದಾರೆ, ಅದು ಬೇರೆ ಸಂಕಟ.

ಓಡಿದ ದೂರ ಅಳೆಯುವ ನನ್ನ ಜಿಪಿಎಸ್ ಕೈಗಡಿಯಾರದಲ್ಲಿ ದೂರ 20.2 ಕಿ.ಮೀ. ಎಂದಿತ್ತು. ಹಾಫ್ ಮ್ಯಾರಥಾನ್ ಎಂದರೆ 21.0975. ನೋಡಿದೆ, ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಗಡಿಯಾರಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಬಟನ್ ಒತ್ತಿ ಅಳಿಸುವಷ್ಟರಲ್ಲಿ ಯಾರೋ ಬಂದು ಬೆನ್ನು ತಟ್ಟಿದರು, ಹಾಗೆಯೇ ಬಿಟ್ಟೆ. ಅಳಿಸದೆ ಬಿಟ್ಟದ್ದು ನನ್ನ ಪುಣ್ಯ ಎಂದು ಆಗ ಅನಿಸಿತ್ತು. ಅದು ಪುಣ್ಯವೋ ಪಾಪವೋ ಎಂಬುದು ಮುಂದೆ ಗೊತ್ತಾಗುತ್ತದೆ.

ಎಲ್ಲರಿಗೂ ಹೇಳಿದೆ. ಕಚೇರಿಯಲ್ಲಿ ಹೇಳಿದೆ, ನೆಂಟರಿಗೆ ಹೇಳಿದೆ, ಹಾಫ್ ಮ್ಯಾರಥಾನ್ ಎಂದರೇನೆಂದು ತಿಳಿಯದವರನ್ನೂ ನಿಲ್ಲಿಸಿಕೊಂಡು ಹೇಳಿದೆ. ಜೊತೆಯಲ್ಲಿ ಓಡುವ ಗೆಳೆಯರೊಬ್ಬರು ಮಾತ್ರ ಅಭಿನಂದಿಸಿದ ಮೇಲೆ ಮೆಲ್ಲಗೆ ಕೇಳಿದರು: ‘ನಿಮ್ಮ ಗಡಿಯಾರ ಎಷ್ಟು ತೋರಿಸಿತು?’ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು ಎಂದುಬಿಟ್ಟೆ. ಆಮೇಲೆ ತಿಳಿಯಿತು, ಅವರೂ ಅದೇ ಸ್ಪರ್ಧೆಯಲ್ಲಿ ತಮ್ಮ ಜೀವನದ ಉತ್ತಮ ಸಮಯ ಓಡಿದ್ದರು, ಯಾರಿಗೂ ಹೇಳಿರಲಿಲ್ಲ. ಅವರ ಕ್ಷಮೆ ಕೇಳಿದ್ದೇನೆ. ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ.

ಮೂರನೆಯ ರಾತ್ರಿ ನಿದ್ದೆ ಬರಲಿಲ್ಲ. ಅವರ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಎದ್ದು ಕಾಗದ ಹಿಡಿದು ಭಾಗಾಕಾರ ಮಾಡಿದೆ. 1:56:12 ಎಂದರೆ 6,972 ಸೆಕೆಂಡ್. ಅದನ್ನು 20.2ರಿಂದ ಭಾಗಿಸಿದರೆ ಕಿಲೋಮೀಟರಿಗೆ 5 ನಿಮಿಷ 45 ಸೆಕೆಂಡ್. ಹಳೆಯ ಓಟದ ಲೆಕ್ಕ ತೆಗೆದೆ: 5 ನಿಮಿಷ 46 ಸೆಕೆಂಡ್. ಒಂದೇ ಒಂದು ಸೆಕೆಂಡ್ ವ್ಯತ್ಯಾಸ! ಮೂರು ವರ್ಷದ ಸಾಧನೆ ಕಿಲೋಮೀಟರಿಗೆ ಒಂದು ಸೆಕೆಂಡ್. ಪೂರ್ತಿ ದೂರ ಓಡಿಸಿದ್ದರೆ 2 ಗಂಟೆ 1 ನಿಮಿಷದ ಮೇಲೆಯೇ ಮುಗಿಸುತ್ತಿದ್ದೆ. ಗಡಿಯಾರಕ್ಕೆ ತಲೆ ಕೆಟ್ಟಿರಲಿಲ್ಲ, ನನಗೆ ಕೆಟ್ಟಿತ್ತು. ಸುಮಾರು 900 ಮೀಟರ್ ಹಾದಿಯೇ ಇರಲಿಲ್ಲ. ಆ ಇಲ್ಲದ ಹಾದಿಯನ್ನು ಓಡಿದ್ದಕ್ಕೆ ನಾನು ಮಂಡಿಯೂರಿ ಅತ್ತಿದ್ದೆ. ಕತ್ತಲಲ್ಲಿ ಒಬ್ಬನೇ ಕುಳಿತಿದ್ದರೂ ಕಿವಿ ಬಿಸಿಯಾಯಿತು. ಯಾರ್ಯಾರಿಗೆ ಹೇಳಿದ್ದೆ ಎಂದು ಒಬ್ಬೊಬ್ಬರ ಮುಖವೂ ನೆನಪಿಗೆ ಬರತೊಡಗಿತು.

‘ಅಧಿಕೃತವಾಗಿ ಅಳತೆ ಮಾಡಿದ ಹಾದಿ’ ಎಂದು ಅವರ ಭಿತ್ತಿಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಅಧಿಕೃತ ಅಳತೆ ಎಂದರೆ ಏನೆಂದು ಓದಿಕೊಂಡೆ, ಓಡುವುದಕ್ಕಿಂತ ಮೊದಲು ಓದಬೇಕಿತ್ತು. ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್, ಹಾಗೂ ಏಮ್ಸ್ ಎಂಬ ಅಂತರರಾಷ್ಟ್ರೀಯ ಓಟಗಳ ಸಂಘ ಒಪ್ಪುವುದು ಸೈಕಲ್ ಅಳತೆಯನ್ನು. ಸೈಕಲ್ಲಿನ ಮುಂದಿನ ಗಾಲಿಗೆ ಜೋನ್ಸ್ ಕೌಂಟರ್ ಎಂಬ ಸಣ್ಣ ಎಣಿಕೆಯಂತ್ರ ಕಟ್ಟುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಅದನ್ನು ಮೊದಲು ಹೊಂದಿಸಿ, ಹಾದಿ ಅಳೆದ ಮೇಲೆ ಮತ್ತೆ ಪರೀಕ್ಷಿಸುತ್ತಾರೆ. ಓಟಗಾರನಿಗೆ ಸಾಧ್ಯವಿರುವ ಅತ್ಯಂತ ಹತ್ತಿರದ ದಾರಿಯಲ್ಲಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು ಅಳೆಯಬೇಕು. ಅದರ ಮೇಲೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಬೇಕು, ಹಾದಿ ಎಂದಿಗೂ ಕಡಿಮೆ ಬೀಳಬಾರದೆಂದು. ಅಂದರೆ ಹಾಫ್ ಮ್ಯಾರಥಾನ್‌ಗೆ ಸುಮಾರು 21 ಮೀಟರ್ ಕೊಸರು. ಇವರು ಕೊಸರು ಹಾಕುವುದಿರಲಿ, ತೂಕದಲ್ಲೇ ಮೋಸ ಮಾಡಿದ್ದರು. ಅಲ್ಲಿ ಸ್ವಯಂಸೇವಕನಾಗಿದ್ದ ಹುಡುಗನೊಬ್ಬ ಆಮೇಲೆ ಹೇಳಿದ: ಅಳೆದದ್ದು ಮೋಟರ್‌ಬೈಕಿನ ಮೀಟರಿನಲ್ಲಿ. ಅದೂ ಹಿಂದಿನ ದಿನ ಒಂದು ತಿರುವು ಬದಲಾದ ಮೇಲೆ ಮತ್ತೆ ಅಳೆಯಲಿಲ್ಲವಂತೆ.

ದೊಡ್ಡ ಸ್ಪರ್ಧೆಗಳಲ್ಲೂ ಹೀಗಾಗಿದೆ, ಗೊತ್ತು. ಮ್ಯಾಂಚೆಸ್ಟರ್ ಮ್ಯಾರಥಾನ್ 2013ರಿಂದ 2015ರವರೆಗೆ ಮೂರು ವರ್ಷ 380 ಮೀಟರ್ ಕಡಿಮೆಯಿತ್ತು. ಸುಮಾರು 24,000 ಓಟಗಾರರ ಸಮಯ ನೀರಿನಲ್ಲಿ ಹೋಮವಾಯಿತು. ಆದರೆ ಅಲ್ಲಿ ಮರುಅಳತೆ ಆಯಿತು, 2016ರಲ್ಲಿ ಸತ್ಯ ಹೊರಗೆ ಬಂತು. ಹಾದಿ ಕಡಿಮೆಯಿದೆ ಎಂದು ನಾನೂ ಆಯೋಜಕರಿಗೆ ಬರೆದೆ. ನನಗೆ ಬಂದದ್ದು ಉತ್ತರಗಳು.

ಮೊದಲ ಉತ್ತರ: ‘ಜಿಪಿಎಸ್ ಗಡಿಯಾರಗಳು ನಿಖರವಲ್ಲ. ಮರ, ಕಟ್ಟಡಗಳ ನಡುವೆ ದೂರ ತಪ್ಪಾಗಿ ತೋರಿಸುತ್ತವೆ.’ ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಬರೆದೆ: ಸರಿಯಾಗಿ ಅಳೆದ ಹಾದಿಯಲ್ಲಿ ಗಡಿಯಾರ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುತ್ತದೆ, ಯಾಕೆಂದರೆ ನಾವು ಯಾರೂ ಅತ್ಯಂತ ಹತ್ತಿರದ ದಾರಿ ಹಿಡಿದು ಓಡುವುದಿಲ್ಲ. 900 ಮೀಟರ್ ಕಡಿಮೆ ತೋರಿಸಿದ್ದು ಹೇಗೆ? ಅಳತೆಯ ಪ್ರಮಾಣಪತ್ರ ಕೊಡಿ.

ಎರಡನೆಯ ಉತ್ತರ: ‘ನಮ್ಮ ಸ್ಪರ್ಧಾ ನಿರ್ದೇಶಕರಿಗೆ ಹತ್ತು ವರ್ಷಗಳ ಅನುಭವವಿದೆ.’ ಪ್ರಮಾಣಪತ್ರ ಕೇಳಿದರೆ ಅನುಭವ ಕೊಟ್ಟರು.

ಮೂರನೆಯದು: ‘ಬೇರೆ ಯಾರೂ ದೂರು ನೀಡಿಲ್ಲ.’ ಸುಳ್ಳು. ನನ್ನ ಗೆಳೆಯರು ನನಗಿಂತ ಮೊದಲೇ ಬರೆದಿದ್ದರು. ಅವರಿಗೂ ಬೇರೆ ಯಾರೂ ದೂರು ನೀಡಿಲ್ಲ ಎಂದೇ ಉತ್ತರ ಹೋಗಿತ್ತು.

ನಾಲ್ಕನೆಯದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: ‘ನಿಮಗೆ ಒಳ್ಳೆಯ ಸಮಯವೇ ಸಿಕ್ಕಿದೆಯಲ್ಲ, ಸಂತೋಷಪಡಿ.’

ಸಂತೋಷಪಡಿ! ಅಂದರೆ ಅವರಿಗೆ ಗೊತ್ತಿತ್ತು. ಹಾದಿ ಕಡಿಮೆಯಿದೆ ಎಂದು ಗೊತ್ತಿತ್ತು. ಓಟಗಾರರು ಒಳ್ಳೆಯ ಸಮಯ ಕಂಡು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದೂ ಗೊತ್ತಿತ್ತು. ಅದು ನಿಜವೂ ಹೌದು, ಮೂರು ದಿನ ನಾನೇ ಮುಚ್ಚಿಕೊಂಡಿದ್ದೆ. ನನ್ನ ಕಿವಿಯ ಮೇಲೆ ಹೂವಿಟ್ಟವರಿಗಿಂತ, ಅದನ್ನು ಇಟ್ಟುಕೊಂಡೇ ಊರೆಲ್ಲ ಮೆರವಣಿಗೆ ಹೋದ ನನ್ನ ಮೇಲೆಯೇ ನನಗೆ ಹೆಚ್ಚು ಸಿಟ್ಟು.

ಇಷ್ಟಾದ ಮೇಲೂ ಟ್ರಯಥ್ಲಾನ್‌ಗೆ ಯಾಕೆ ಹೋದಿರಿ ಎಂದು ಕೇಳುತ್ತೀರಿ. ಹಣ ಹಿಂದಿರುಗಿಸುವುದಿಲ್ಲ, ಮುಂದೂಡುವುದಿಲ್ಲ, ಬೇರೆಯವರಿಗೆ ವರ್ಗಾಯಿಸುವುದಿಲ್ಲ ಎಂಬ ನಿಯಮಕ್ಕೆ ನೋಂದಣಿಯ ದಿನವೇ ಒಪ್ಪಿಗೆಯ ಗುರುತು ಹಾಕಿದ್ದೆ. ಎಲ್ಲರೂ ಓದದೆ ಹಾಕುವ ಗುರುತು. ಆರು ತಿಂಗಳ ತಯಾರಿ ಬೇರೆ. ಹೋದೆ.

1,500 ಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಕೊಳದಲ್ಲಿ 1,500 ಮೀಟರಿಗೆ ನನಗೆ 36 ನಿಮಿಷ ಬೇಕು. ತೆರೆದ ನೀರಿನಲ್ಲಿ ಅದಕ್ಕಿಂತ ಹೆಚ್ಚೇ ಆಗಬೇಕು, ಅಲೆ ಬೇರೆ, ದಿಕ್ಕು ನೋಡಲು ತಲೆ ಎತ್ತುವುದು ಬೇರೆ. ನೀರಿನಿಂದ ಎದ್ದಾಗ 28 ನಿಮಿಷ! ಈ ಸಲ ಅಳು ಬರಲಿಲ್ಲ, ನಗು ಬಂತು. ಈಜುವ ಹಾದಿ ತೋರಿಸಲು ಬಿಟ್ಟ ದೂರದ ತೇಲುಗುಂಡುಗಳಿಗೆ ಲಂಗರು ಸರಿಯಾಗಿ ಹಾಕದೆ ಅವು ದಡದ ಕಡೆಗೆ ತೇಲಿ ಬಂದಿದ್ದವು. ದೋಣಿಯಲ್ಲಿದ್ದವರು ನೋಡುತ್ತ ಕುಳಿತಿದ್ದರು.

ಸೈಕಲ್ ಹಾದಿ ಹತ್ತು ಕಿಲೋಮೀಟರಿನ ನಾಲ್ಕು ಸುತ್ತು. ಸುತ್ತು ಎಣಿಸುವವರಿಲ್ಲ, ತಿರುವಿನಲ್ಲಿ ಚಿಪ್ ಓದುವ ಮ್ಯಾಟ್ ಇಲ್ಲ. ಮುಂದಿನ ಸೈಕಲ್ಲಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ನಿಯಮದಲ್ಲಿ ಬರೆದಿದ್ದರು. ರಸ್ತೆಯಲ್ಲಿ ಇಪ್ಪತ್ತು ಜನ ಮದುವೆ ದಿಬ್ಬಣದಂತೆ ಗುಂಪಾಗಿ ಹೋಗುತ್ತಿದ್ದರು, ತಡೆಯುವ ಒಬ್ಬ ಅಧಿಕಾರಿಯೂ ಕಾಣಲಿಲ್ಲ. ನಾನು ನಾಲ್ಕು ಸುತ್ತು ಹಾಕಿದೆ. ನನ್ನ ವಯೋವರ್ಗದಲ್ಲಿ ಬಹುಮಾನ ಪಡೆದವರೊಬ್ಬರು ಆಮೇಲೆ ನನ್ನ ಬಳಿ ಬಂದು ತಾವಾಗಿಯೇ ಕೇಳಿದರು: ‘ಸುತ್ತು ಮೂರೇ ಅಲ್ಲವೇ? ನನ್ನನ್ನು ಮೂರಕ್ಕೇ ಒಳಗೆ ಕಳುಹಿಸಿದರು.’ ಪಾಪ, ಅವರ ತಪ್ಪಿಲ್ಲ. ಧ್ವಜ ಹಿಡಿದವನು ತಿರುಗು ಎಂದ, ತಿರುಗಿದರು. ಓಟದ ಬಗ್ಗೆ ಹೇಳುವುದೇನಿಲ್ಲ, ಎರಡನೆಯ ಸುತ್ತಿಗೆ ನೀರು ಮುಗಿದಿತ್ತು.

ಸಂಜೆ ಫಲಿತಾಂಶ ಬಂತು. ನನ್ನ ಹೆಸರಿನ ಮುಂದೆ ‘ಅಪೂರ್ಣ’.

ಅಪೂರ್ಣ! ಮೂರನ್ನೂ ಪೂರ್ತಿ ಮುಗಿಸಿ, ಪದಕ ಕೊರಳಿಗೆ ಹಾಕಿಸಿಕೊಂಡು ಬಂದವನು ನಾನು. ಕೇಳಿದರೆ, ಸೈಕಲ್ ಮುಗಿಸಿ ಒಳಗೆ ಬರುವಲ್ಲಿನ ಮ್ಯಾಟ್‌ನಲ್ಲಿ ನನ್ನ ಚಿಪ್ ದಾಖಲಾಗಿಲ್ಲ, ಆದ್ದರಿಂದ ಸೈಕಲ್ ಮುಗಿಸಿಲ್ಲ ಎಂದು ಲೆಕ್ಕ. ‘ಚಿಪ್ ತಪ್ಪು ಕಾಲಿಗೆ ಕಟ್ಟಿರಬಹುದು’ ಎಂದರು. ಎಡಗಾಲಿಗೇ ಕಟ್ಟಿದ್ದೆ, ಬಲಗಡೆ ಸೈಕಲ್ ಸರಪಳಿ ಇರುತ್ತದೆಂದು ಎಲ್ಲರೂ ಎಡಗಾಲಿಗೇ ಕಟ್ಟುತ್ತಾರೆ. ಅಷ್ಟಕ್ಕೂ ಅದೇ ಚಿಪ್ ಅದೇ ಕಾಲಿನಲ್ಲಿ ಉಳಿದ ಮ್ಯಾಟ್‌ಗಳಲ್ಲೆಲ್ಲ ದಾಖಲಾಗಿತ್ತು. ಆಗ ಬಂದ ಸಂದೇಶ ಇದು: ‘ನೀವು ಪೂರ್ಣಗೊಳಿಸಿದ್ದಕ್ಕೆ ಸಾಕ್ಷಿಯಾಗಿ ನಿಮ್ಮ ಜಿಪಿಎಸ್ ಗಡಿಯಾರದ ದಾಖಲೆ ಕಳುಹಿಸಿ.’

ಯಾವ ಗಡಿಯಾರ? ಏಳು ವಾರದ ಹಿಂದೆ ನಿಖರವಲ್ಲದ್ದು, ಮರ ಕಂಡರೆ ದಾರಿ ತಪ್ಪುತ್ತಿದ್ದದ್ದು, ಅದೇ ಗಡಿಯಾರ. ಈಗ ಅದು ಸಾಕ್ಷಿ. ಹಲ್ಲು ಕಚ್ಚಿಕೊಂಡು ಕಳುಹಿಸಿದೆ. ಸೈಕಲ್ 40.6 ಕಿ.ಮೀ., ನಾಲ್ಕು ಸುತ್ತು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಇನ್ನೇನು ಬೇಕು?

ಎರಡು ದಿನ ಬಿಟ್ಟು ಉತ್ತರ ಬಂತು. ಅಕ್ಷರಶಃ ಇಡುತ್ತೇನೆ: ‘ನಿಮ್ಮ ದಾಖಲೆ ಪರಿಶೀಲಿಸಿದೆವು. ಸೈಕಲ್ ಭಾಗ ಸರಿಯಿದೆ. ಆದರೆ ಈಜು 1,180 ಮೀಟರ್ ಮಾತ್ರ ಇದೆ. ನಿಗದಿತ ದೂರ ಈಜದ ಕಾರಣ ನಿಮ್ಮನ್ನು ಅನರ್ಹಗೊಳಿಸಲಾಗಿದೆ.’

ಮೂರು ಸಲ ಓದಿದೆ. ಅವರದೇ ತೇಲುಗುಂಡು, ಅವರದೇ ಹಾದಿ, ಎಲ್ಲರೂ ಈಜಿದ್ದೂ ಅದೇ. ಆ ದೂರ ಕಡಿಮೆಯಿತ್ತೆಂದು ನನ್ನ ಗಡಿಯಾರ ಹೇಳಿದರೆ ಅನರ್ಹನಾದವನು ನಾನು! ಅಪೂರ್ಣನಾಗಿದ್ದವನು ಸಾಕ್ಷಿ ಕೊಟ್ಟು ಅನರ್ಹನಾದೆ. ಹಾಗಾದರೆ ಅಂದು ಈಜಿದ ಎಲ್ಲರನ್ನೂ ಅನರ್ಹಗೊಳಿಸಿ ಎಂದು ಬರೆದೆ. ‘ಬೇರೆ ಯಾರ ದಾಖಲೆಯೂ ನಮ್ಮ ಬಳಿ ಇಲ್ಲ’ ಎಂದರು. ಮುಂದಿನ ಸ್ಪರ್ಧೆಗೆ ರಿಯಾಯಿತಿಯ ಸಂಕೇತಪದವನ್ನೂ ಅದೇ ಸಂದೇಶದ ಕೆಳಗೆ ಇಟ್ಟಿದ್ದರು, ನಗುಮುಖದ ಚಿತ್ರದೊಂದಿಗೆ.

ನಿಮಗೆ ಹೇಳುವುದು ಇಷ್ಟೇ. ಹಣ ಕಟ್ಟುವ ಮೊದಲು ಅಳತೆಯ ಪ್ರಮಾಣಪತ್ರ ಕೇಳಿ, ಅದರಲ್ಲಿ ಅಳೆದವರ ಹೆಸರು ಮತ್ತು ದಿನಾಂಕ ಇರಬೇಕು. ಅಂತರರಾಷ್ಟ್ರೀಯ ಪ್ರಮಾಣಪತ್ರವಾದರೆ ಐದು ವರ್ಷ ಮಾತ್ರ ನಡೆಯುತ್ತದೆ, ಹಾದಿ ಬದಲಾದರೆ ಅದೂ ಇಲ್ಲ. ಉತ್ತರದಲ್ಲಿ ‘ಅನುಭವ’ ಎಂಬ ಪದ ಕಂಡರೆ ಅಲ್ಲಿಂದ ಎದ್ದು ಬನ್ನಿ. ಟ್ರಯಥ್ಲಾನ್ ಆದರೆ ಸೈಕಲ್ ತಿರುವಿನಲ್ಲಿ ಮ್ಯಾಟ್ ಇದೆಯೇ, ಸುತ್ತು ಎಣಿಸುವವರು ಯಾರು ಎಂದು ಕೇಳಿ. ಎರಡು ಸ್ಪರ್ಧೆಗೆ ಒಟ್ಟಿಗೆ ಹಣ ಕಟ್ಟಬೇಡಿ, ರಿಯಾಯಿತಿ ಎಷ್ಟೇ ಇರಲಿ. ಗಡಿಯಾರದ ದಾಖಲೆ ಅಳಿಸಬೇಡಿ. ಅವರಿಗೆ ಕಳುಹಿಸಲೂ ಬೇಡಿ!

ಇನ್ನೊಂದು ಮಾತು ಉಳಿದಿದೆ. ಆ 1:56:12 ಅವರ ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಇದೆ. ನನ್ನ ಹೆಸರು ಹುಡುಕಿದವರಿಗೆ ಮೊದಲು ಸಿಗುವುದೇ ಅದು. ನಾನು ಓಡದ ದೂರದ ಸಮಯ ನನಗೆ ಬೇಡ, ತೆಗೆದುಹಾಕಿ ಎಂದು ಕಳೆದ ವಾರ ಬರೆದೆ. ನಿನ್ನೆ ಉತ್ತರ ಬಂದಿದೆ: ‘ಫಲಿತಾಂಶ ಅಂತಿಮ. ಬೇರೆ ಯಾರೂ ಹೀಗೆ ಕೇಳಿಲ್ಲ.’