ಗೇಮಿಂಗ್ ಕೀಬೋರ್ಡ್ ಕೊಳ್ಳುವ ಲಿನಕ್ಸ್‌ನವರೇ, ಲ್ಯಾಮಿಂಗ್ಟನ್ ರೋಡಿಗೆ ಬರಿಗೈಲಿ ಹೋಗಬೇಡಿ

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿಳಿದು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಕೀಬೋರ್ಡ್ ನೋಡಲು ಹೊರಟಿದ್ದರೆ, ನಿಮ್ಮ ಲಿನಕ್ಸ್ ಲ್ಯಾಪ್‌ಟಾಪನ್ನೇ ಒಯ್ಯಿರಿ. ಅಂಗಡಿಯಲ್ಲಿ ತೋರಿಸುವುದೆಲ್ಲ ವಿಂಡೋಸ್‌ನಲ್ಲಿ. ಅಲ್ಲಿ ಎಲ್ಲವೂ ಮಿಂಚುತ್ತದೆ. ಡಬ್ಬದ ಮೇಲಿನ ‘ಪ್ಲಗ್ ಅಂಡ್ ಪ್ಲೇ’ ಎ, ಬಿ, ಸಿ, ಡಿ ಒತ್ತುವ ಮಟ್ಟಿಗಷ್ಟೇ ನಿಜ. ದೂರದ ಉಪನಗರ ಡೊಂಬಿವಲಿಗೆ ವಾಪಸಾಗಿ ಬಿಚ್ಚಿದ ಮೇಲೆ ಎಡವಟ್ಟು ಕಂಡರೆ, ಬದಲಾಯಿಸಿಕೊಳ್ಳಲು ಮತ್ತೊಂದು ದಿನ ಹೋಯಿತು. ಅದೂ ಅಂಗಡಿಯವರು ‘ಪೀಸ್ ಸರಿ ಇದೆ’ ಅನ್ನದಿದ್ದರೆ.

ಚುಚ್ಚಿದ ಕೂಡಲೇ ಟರ್ಮಿನಲ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ (lsusb) ಓಡಿಸಿ, ಕೀಬೋರ್ಡಿನ ಗುರುತು ಸಂಖ್ಯೆ ನೋಡಿ. 05ಎಸಿ ಎಂದು ಶುರುವಾದರೆ ಅದು ಆಪಲ್‌ನ ಸಂಖ್ಯೆ. ಆಪಲ್‌ಗೆ ಸಂಬಂಧವೇ ಇಲ್ಲದ ಎಷ್ಟೋ ಮೆಕ್ಯಾನಿಕಲ್ ಬೋರ್ಡ್‌ಗಳು 05ಎಸಿ:024ಎಫ್ ಎಂಬ ಎರವಲು ಗುರುತನ್ನು ಹೊತ್ತು ಬರುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ನಂಬಿ ಆಪಲ್ ಕೀಬೋರ್ಡ್‌ಗಳ ಎಚ್‌ಐಡಿ_ಆಪಲ್ ಡ್ರೈವರ್ ಹಚ್ಚುತ್ತದೆ. ಆಗ ಎಫ್5 ಒತ್ತಿದರೆ ಪೇಜ್ ರಿಫ್ರೆಶ್ ಆಗುವುದಿಲ್ಲ. ಎಫ್ ಸಾಲೆಲ್ಲ ಬೆಳಕು, ವಾಲ್ಯೂಮ್‌ಗಳ ಪಾಲು. ಬೋರ್ಡಿನ ಸ್ವಂತ ಎಫ್‌ಎನ್ ಕೀ ಒಳಗಿನ ಚಿಪ್‌ನಲ್ಲೇ ಮುಗಿದುಹೋಗುವುದರಿಂದ ಅದನ್ನು ಒತ್ತಿ ಹಿಡಿದರೂ ಅನೇಕ ಸಲ ಎಫ್ ಕೀ ಸಿಗುವುದಿಲ್ಲ. ಹೊಸ ಕರ್ನಲ್‌ಗಳು ಕೀಬೋರ್ಡಿನ ಹೆಸರು ನೋಡಿ ಕೆಲವನ್ನು ಎರವಲೆಂದು ಗುರುತಿಸುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದವುಗಳ ಪಾಡು ಹಳೆಯದೇ.

ಮದ್ದು ಇದೆ. /ಸಿಸ್/ಮಾಡ್ಯೂಲ್/ಎಚ್‌ಐಡಿ_ಆಪಲ್/ಪ್ಯಾರಾಮೀಟರ್ಸ್ (/sys/module/hid_apple/parameters) ಒಳಗಿನ ಎಫ್‌ಎನ್‌ಮೋಡ್ (fnmode) ಫೈಲಿಗೆ ರೂಟ್ ಆಗಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಿಂದ, 2 ಎಂದು ಬರೆಯಿರಿ, ಎಫ್ ಸಾಲು ಆ ಕ್ಷಣವೇ ಸರಿಹೋಗುತ್ತದೆ. ‘ಸರಿಯಾಯ್ತು’ ಎಂದು ಇಲ್ಲೇ ಬಿಡುವವರೇ ಹೆಚ್ಚು. ಮರುದಿನ ಯಂತ್ರ ಎದ್ದಾಗ ಮತ್ತೆ ಅದೇ ರಗಳೆ. ಆದ್ದರಿಂದ ಮಾಡ್‌ಪ್ರೋಬ್.ಡಿ (/etc/modprobe.d) ಫೋಲ್ಡರಿನಲ್ಲಿ ಒಂದು ಕಾನ್ಫ್ ಫೈಲ್ ಮಾಡಿ ‘ಆಪ್ಷನ್ಸ್ ಎಚ್‌ಐಡಿ_ಆಪಲ್ ಎಫ್‌ಎನ್‌ಮೋಡ್=2’ (options hid_apple fnmode=2) ಎಂದು ಬರೆದ ಮೇಲೆ ಬೂಟ್ ಶುರುವಿನ ಫೈಲ್ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಕೂಡ ಹೊಸದಾಗಿ ಕಟ್ಟಬೇಕು, ಏಕೆಂದರೆ ಡ್ರೈವರ್ ಬೂಟ್ ಹೊತ್ತಿನಲ್ಲಿ ಅಲ್ಲಿಂದಲೇ ಏರುತ್ತದೆ. ಫೆಡೋರಾದಲ್ಲಿ ಈ ಕೆಲಸ ಡ್ರಾಕಟ್ (dracut) ಆಜ್ಞೆಯದು.

ಅಗ್ಗದ ಮೆಂಬ್ರೇನ್ ಬೋರ್ಡ್‌ಗಳ ಗೋಳು ಬೇರೆ. ಅವುಗಳಲ್ಲಿ ಅನೇಕದರ ಹಿಂಬೆಳಕು ಸ್ಕ್ರೋಲ್ ಲಾಕ್ ದೀಪಕ್ಕೆ ಕಟ್ಟಿರುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್ ಆ ಕೀಯನ್ನು ಸಾಮಾನ್ಯವಾಗಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ಬ್ರೈಟ್‌ನೆಸ್‌ಸಿಟಿಎಲ್ (brightnessctl) ಆಜ್ಞೆಯಿಂದ ಬೆಳಗಿಸಬಹುದು, ಆದರೆ ಕ್ಯಾಪ್ಸ್ ಲಾಕ್ ಒತ್ತಿದ ಕೂಡಲೇ ಆರುವುದುಂಟು. ಕತ್ತಲಲ್ಲಿ ಆಡುವವರು ಇದನ್ನು ಕೊಳ್ಳದಿರುವುದೇ ವಾಸಿ.

ಬಣ್ಣದ ದೀಪಗಳಿಗೆ ಓಪನ್‌ಆರ್‌ಜಿಬಿ ಎಂಬ ಪ್ರೋಗ್ರಾಂ ಇದೆ ಎಂದು ಧೈರ್ಯ ಮಾಡುವವರು ಒಂದು ನಿಮಿಷ ನಿಲ್ಲಿ. ಗುರುತು 258ಎ ಎಂದಿದ್ದರೆ ಒಳಗಿರುವುದು ಸೈನೋವೆಲ್ತ್ ಚಿಪ್. ಒಂದೇ ಸಂಖ್ಯೆಯನ್ನು ಹತ್ತಾರು ಬೇರೆ ಬೇರೆ ಬೋರ್ಡ್‌ಗಳು ಹಂಚಿಕೊಂಡಿರುತ್ತವೆ, ಒಂದಕ್ಕೆ ಸರಿಯಾದ ಆಜ್ಞೆ ಇನ್ನೊಂದನ್ನು ಸಾಯಿಸಬಲ್ಲದು. ಯಾರೋ ಹೇಳಿದರೆಂದು ಇಂಥ ಬೋರ್ಡಿಗೆ ಓಪನ್‌ಆರ್‌ಜಿಬಿಯನ್ನು ಬಲವಂತವಾಗಿ ಆನ್ ಮಾಡಬೇಡಿ. ಬ್ರೌಸರಿನಲ್ಲೇ ಕೀ, ದೀಪ ಹೊಂದಿಸುವ ವಯಾ (VIA) ಬಳಸುವ ಬೋರ್ಡಾದರೆ ಚಿಂತೆ ಕಡಿಮೆ: ಕ್ರೋಮಿಯಂ ಬೇಕು, ಫೈರ್‌ಫಾಕ್ಸ್ ಆಗದು, ಬೋರ್ಡನ್ನು ನೇರ ಮುಟ್ಟುವ ಎಚ್‌ಐಡಿರಾ (hidraw) ಫೈಲಿಗೆ ಅನುಮತಿ ಕೊಡುವ ಯುಡೆವ್ (udev) ನಿಯಮ ಬರೆಯಬೇಕು. ನಿಯಮ ನಿಮ್ಮ ಬೋರ್ಡಿನ ಗುರುತಿಗಷ್ಟೇ ಸೀಮಿತವಾಗಿರಲಿ. ಎಲ್ಲ ಎಚ್‌ಐಡಿರಾ ಫೈಲ್‌ಗಳಿಗೂ 666, ಅಂದರೆ ಎಲ್ಲರಿಗೂ ಓದುವ ಬರೆಯುವ ಅನುಮತಿ, ಕೊಟ್ಟರೆ ನೀವು ಒತ್ತುವ ಪಾಸ್‌ವರ್ಡನ್ನು ಯಾವ ಪ್ರೋಗ್ರಾಂ ಬೇಕಾದರೂ ಓದಬಹುದು.

ಇನ್ನು ಕನ್ನಡ ಟೈಪ್ ಮಾಡುವವರು ತಪ್ಪದೆ ನೋಡಬೇಕಾದ್ದು ಒಂದಿದೆ. ಗೇಮಿಂಗ್ ರಿವ್ಯೂಗಳಲ್ಲಿ ಇದರ ಸುಳಿವೇ ಇರದು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀ ವಿನ್ಯಾಸದಲ್ಲಿ ಒತ್ವ, ಅಂದರೆ ‘ೊ’, ಕೂತಿರುವುದು 1ರ ಎಡಕ್ಕಿರುವ ಕೀಯಲ್ಲಿ. ಶಿಫ್ಟ್ ಒತ್ತಿದರೆ ‘ಒ’. ಎಫ್ ಸಾಲೇ ಇಲ್ಲದ ಪುಟ್ಟ 60 ಪರ್ಸೆಂಟ್ ಬೋರ್ಡಿನಲ್ಲಿ ಆ ಜಾಗ ಎಸ್ಕೇಪ್‌ನದು. ‘ಕೊಡು’, ‘ಹೊಸ’, ‘ಗೊತ್ತು’ ಅನ್ನಲು ಪ್ರತಿಸಲ ಎಫ್‌ಎನ್ ಜೊತೆ ಎಸ್ಕೇಪ್. ‘ಒಂದು’ ಅನ್ನಲು ಮೂರು ಬೆರಳು. ಎಫ್‌ಎನ್ ತಪ್ಪಿದರೆ ಚಾಟ್ ಕಿಟಕಿಯೇ ಮುಚ್ಚಿಹೋಗುತ್ತದೆ. ಅಂಗಡಿಯಲ್ಲೇ ‘ಡೊಂಬಿವಲಿ’ ಎಂದು ಒಮ್ಮೆ ಹೊಡೆದು ನೋಡಿ.