ಬಯಲುಸೀಮೆಯ ಅಡುಗೆಮನೆಗೆ ಫಿಲೆಟ್ ಚಾಕು: ಒಂದೂವರೆ ವರ್ಷ ಬಳಸಿದ ಮೇಲೆ

ತುಮಕೂರಿನಲ್ಲಿ ಮೀನು ಕೊಳ್ಳುವವರು ಚಾಕುವಿನ ಬಗ್ಗೆ ತಲೆಕೆಡಿಸಿಕೊಳ್ಳುವುದು ಅಪರೂಪ. ತೂಕ ಹಾಕಿದ ಮೀನನ್ನು ಅಂಗಡಿಯವರೇ ಮರದ ಕೊರಡಿನ ಮೇಲಿಟ್ಟು, ಹುರುಪೆ ಕೆರೆದು, ಮಚ್ಚಿನಿಂದ ತುಂಡು ಮಾಡಿ ಕೊಡುತ್ತಾರೆ; ಮುದ್ದೆಯ ಜೊತೆಗಿನ ಸಾರಿಗೆ ಅಷ್ಟು ಸಾಕು. ನಮ್ಮ ಮನೆಯಲ್ಲಿ ಈ ಏರ್ಪಾಡು ತಪ್ಪಿದ್ದು ಮಗಳ ಗಂಟಲಿಗೆ ರೋಹುವಿನ ಮುಳ್ಳು ಸಿಕ್ಕಿಕೊಂಡ ದಿನ. ಅಂದಿನಿಂದ ಅವಳು ಮೀನಿನ ತಟ್ಟೆಯನ್ನೇ ದೂರ ತಳ್ಳತೊಡಗಿದಳು. ಮುಳ್ಳಿಲ್ಲದ ಹೋಳುಗಳನ್ನು ಮನೆಯಲ್ಲೇ ಬಿಡಿಸಿಕೊಳ್ಳೋಣ ಎಂದು ನಾನು ಫಿಲೆಟ್ ಚಾಕು ಹುಡುಕಲು ಹೊರಟೆ.

ಮೊದಲು ತಂದದ್ದು ಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಸಿಕ್ಕ ಅಗ್ಗದ ಚಾಕು. ಪೊಟ್ಟಣದ ಮೇಲೆ ಮೀನಿನ ಚಿತ್ರವಿತ್ತು ಎಂಬುದನ್ನು ಬಿಟ್ಟರೆ ಅದಕ್ಕೂ ಮೀನಿಗೂ ಸಂಬಂಧವಿರಲಿಲ್ಲ. ಅಲಗು ದಪ್ಪವಾಗಿತ್ತು, ಒತ್ತಿದರೆ ಬಾಗುತ್ತಿರಲಿಲ್ಲ. ನುಣುಪಾದ ಹಿಡಿಯು ಲೋಳೆ ತಾಗಿದೊಡನೆ ಕೈಯಲ್ಲಿ ತಿರುಗುತ್ತಿತ್ತು. ಎರಡು ತಿಂಗಳಲ್ಲಿ ಅಲಗು ಮತ್ತು ಹಿಡಿ ಕೂಡುವ ಸಂದಿಯಿಂದ ತುಕ್ಕಿನ ನೀರು ಇಳಿಯತೊಡಗಿತು. ನೂರೈವತ್ತು ರೂಪಾಯಿಗೆ ಇಷ್ಟು ಪಾಠ ದುಬಾರಿಯೇನಲ್ಲ. ಫಿಲೆಟ್ ಚಾಕುವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು: ತುದಿಯನ್ನು ಮರದ ಹಲಗೆಗೆ ಒತ್ತಿದಾಗ ಅಲಗು ಬಿಲ್ಲಿನಂತೆ ಬಾಗಿ, ಬಿಟ್ಟೊಡನೆ ನೆಟ್ಟಗಾಗಬೇಕು. ಅಲಗು ಮೀನಿನ ಅಗಲಕ್ಕಿಂತ ತುಸು ಉದ್ದವಿದ್ದರೆ ಒಂದೇ ಎಳೆತದಲ್ಲಿ ಕೊಯ್ಯಬಹುದು. ನಮ್ಮ ಕಡೆ ಸಿಗುವ ಅರ್ಧ ಕಿಲೋ ಜಿಲೇಬಿ (ತಿಲಾಪಿಯಾ), ಒಂದು ಕಿಲೋ ಕೊರವ ಮೀನುಗಳಿಗೆ 15ರಿಂದ 18 ಸೆಂಟಿಮೀಟರ್ ಧಾರಾಳವಾಯಿತು. ದೊಡ್ಡ ಅಂಜಲ್ ತರುವವರು ಮಾತ್ರ 20ರ ಮೇಲಿನದನ್ನು ನೋಡಬೇಕು.

ಎರಡನೆಯದಾಗಿ ಆನ್‌ಲೈನಿನಲ್ಲಿ ತರಿಸಿದ್ದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ, ಫೈಬ್ರಾಕ್ಸ್ ಎಂಬ ಸಿಂಥೆಟಿಕ್ ಹಿಡಿಯ ಬಾಗುವ ಚಾಕು. ಒಂದೂವರೆ ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ. ಇದರ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ ಅರ್ಧದಷ್ಟು, ಕ್ರೋಮಿಯಂ ಶೇಕಡಾ 15ರಷ್ಟು. ಗಡಸುತನ ರಾಕ್‌ವೆಲ್ ಮಾಪಕದಲ್ಲಿ 55-56. ಅರವತ್ತನ್ನು ದಾಟುವ ಜಪಾನಿ ಚಾಕುಗಳ ಮುಂದೆ ಇದು ಮೆದುವೇ, ಆದರೆ ಈ ಕೆಲಸಕ್ಕೆ ಬೇಕಾದದ್ದು ಈ ಮೆದುತನ. ಮುಳ್ಳಿನ ಮೇಲೆ ಅಲಗು ಹೊರಳಿದಾಗ ಅತಿ ಗಡಸು ಉಕ್ಕಿನ ಬಾಯಿ ಚಕ್ಕೆ ಏಳುತ್ತದೆ. ಮೆದು ಉಕ್ಕಿನ ಬಾಯಿ ಸ್ವಲ್ಪ ಮಡಿಚಿಕೊಳ್ಳುತ್ತದೆ, ಅದನ್ನು ಮನೆಯಲ್ಲೇ ಸರಿಪಡಿಸಬಹುದು. ಒದ್ದೆ ಕೈಯಲ್ಲೂ ಹಿಡಿ ಜಾರಿಲ್ಲ. ಬೆಲೆ ನಾಲ್ಕಂಕಿಯದು, ತಿಂಗಳಿಗೊಮ್ಮೆ ಮೀನು ತರುವ ಮನೆಗೆ ಹೆಚ್ಚೇ ಎಂಬುದು ನನ್ನ ಅಭಿಪ್ರಾಯ.

ಚಾಕುವಿನ ನಿಜವಾದ ಗುಣ ತಿಳಿಯುವುದು ಕೊರವ ಮೀನಿನ ಮೇಲೆ. ಗಾಳಿಯನ್ನೇ ಉಸಿರಾಡಬಲ್ಲ ಮೀನಾದ್ದರಿಂದ ಇದನ್ನು ಟಬ್ಬಿನಲ್ಲಿ ಜೀವಂತವಾಗಿಯೇ ಇಟ್ಟು ಮಾರುತ್ತಾರೆ, ಮೈತುಂಬ ಲೋಳೆ. ಕಲ್ಲುಪ್ಪು ತಿಕ್ಕಿ ತೊಳೆದು, ಬಟ್ಟೆಯಿಂದ ಒರೆಸಿ, ಕಿವಿರಿನ ಹಿಂದೆ ಓರೆಯಾಗಿ ನಡುಮುಳ್ಳು ತಾಗುವವರೆಗೆ ಕೊಯ್ದು, ಅಲ್ಲಿ ಅಲಗನ್ನು ಬಾಲದ ಕಡೆಗೆ ಮಲಗಿಸಬೇಕು. ಆಮೇಲೆ ಚಾಕುವನ್ನು ಒತ್ತುವಂತಿಲ್ಲ. ಮುಳ್ಳಿಗೆ ಆತುಕೊಂಡು ಅದೇ ದಾರಿ ಹುಡುಕಿಕೊಳ್ಳುವಂತೆ ಉದ್ದಕ್ಕೆ ಎಳೆಯಬೇಕು. ಪಕ್ಕೆಲುಬುಗಳ ಮೇಲೆ ಹಾಯುವಾಗ ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದಂಥ ಸಣ್ಣ ಸದ್ದು ಬರುತ್ತದೆ, ಅದು ನಿಂತರೆ ಅಲಗು ಮಾಂಸದೊಳಕ್ಕೆ ಹೋಯಿತೆಂದು ಅರ್ಥ. ಚರ್ಮ ಬಿಡಿಸುವಾಗ ಬಾಲದ ತುದಿಯನ್ನು ಉಪ್ಪು ಮೆತ್ತಿದ ಬೆರಳುಗಳಿಂದ ಹಿಡಿದು, ಅಲಗನ್ನು ಹಲಗೆಗೆ ಬಹುತೇಕ ಸಮನಾಗಿ ಇಟ್ಟು, ಚಾಕುವಿನ ಬದಲು ಚರ್ಮವನ್ನೇ ಎಡಬಲ ಆಡಿಸುತ್ತ ಎಳೆದರೆ ಅದು ಪಟ್ಟಿಯಂತೆ ಹೊರಬರುತ್ತದೆ. ಜಿಲೇಬಿಯಲ್ಲಿ ಬೆನ್ನಿನ ಮುಳ್ಳು ಚುಚ್ಚದಂತೆ ಎಚ್ಚರವಹಿಸಿದರೆ ಕೆಲಸ ಇನ್ನೂ ಸುಲಭ, ಆದರೆ ಮೀನಿನ ತೂಕದಲ್ಲಿ ಮೂರನೇ ಒಂದು ಭಾಗದಷ್ಟೇ ಹೋಳಾಗಿ ಸಿಗುತ್ತದೆ. ಉಳಿದ ತಲೆ ಮತ್ತು ನಡುಮುಳ್ಳು ಸಾರಿಗೆ ಹೋಗುವುದರಿಂದ ನಷ್ಟವೆನಿಸುವುದಿಲ್ಲ.

ಕಾಟ್ಲಾ, ರೋಹು, ಮೃಗಾಲ್‌ಗಳ ವಿಷಯ ಬೇರೆ. ಅವುಗಳ ಮಾಂಸದೊಳಗೆ, ಪಕ್ಕೆಲುಬಿಗೆ ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಹುದುಗಿದ ಕವಲುಮುಳ್ಳುಗಳಿರುತ್ತವೆ. ಎಷ್ಟೇ ನಾಜೂಕಾಗಿ ಹೋಳು ತೆಗೆದರೂ ಅವು ಹೋಳಿನಲ್ಲೇ ಉಳಿಯುತ್ತವೆ. ನಾನು ಚಾಕುವನ್ನು ಹೊಗಳಿದ್ದು ಕೇಳಿದ ಮೀನಿನವರು, "ಅಕ್ಕಾ, ಕಾಟ್ಲಾಗೆ ಅದನ್ನ ಹಾಕ್ಬೇಡಿ, ಮುಳ್ಳೂ ಹೋಗಲ್ಲ, ಚಾಕೂ ಉಳಿಯಲ್ಲ" ಎಂದಿದ್ದರು. ಅವರ ಮಾತು ಮೀರಿ ಒಮ್ಮೆ ಕಾಟ್ಲಾದ ತಲೆ ಬೇರ್ಪಡಿಸಲು ಹೋಗಿ ಅಲಗಿನ ಬಾಯಿ ಮಡಿಚಿಕೊಂಡಿತು.

ಅದನ್ನು ಸರಿಮಾಡಿಸಲು ಬೀದಿಗೆ ಬಂದ ಸಾಣೆಯವರ ಕೈಗೆ ಕೊಟ್ಟದ್ದು ನನ್ನ ಎರಡನೇ ತಪ್ಪು. ತಿರುಗುವ ಚಕ್ರಕ್ಕೆ ಮಚ್ಚು, ಕುಡುಗೋಲು ಒಗ್ಗುತ್ತವೆ. ತೆಳು ಅಲಗು ಬೇಗ ಕಾದು ಹದ ಕಳೆದುಕೊಳ್ಳುತ್ತದೆ. ತುದಿಯ ಹತ್ತಿರ ನೀಲಿ ಛಾಯೆ ಬಂದಿತ್ತು, ಹಿಡಿಯ ಬಳಿ ಒಂದು ಸಣ್ಣ ಹಳ್ಳವೂ ಆಗಿತ್ತು. ಈಗ 1000 ಗ್ರಿಟ್ಟಿನ (ನಡುತರದ ನುಣುಪಿನ) ನೀರಿನ ಸಾಣೆಕಲ್ಲಿನ ಮೇಲೆ ನಾನೇ ಮಸೆಯುತ್ತೇನೆ. ಒಂದು ಬದಿಗೆ 15 ಡಿಗ್ರಿಯ ಓರೆ ಬೇಕು. ಎರಡೂಕಾಲು ಸೆಂಟಿಮೀಟರ್ ಅಗಲದ ಅಲಗಾದರೆ ಬೆನ್ನು ಕಲ್ಲಿನಿಂದ ಆರು ಮಿಲಿಮೀಟರಿನಷ್ಟು ಎದ್ದಿರಬೇಕು. ಒಂದು ರೂಪಾಯಿಯ ನಾಲ್ಕು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅದೇ ಎತ್ತರ, ಅಳತೆಗೆ ಅದು ಸಾಕು. ಆಚೆ ಬದಿಯ ಉದ್ದಕ್ಕೂ ಬೆರಳಿಗೆ ತಾಗುವಂಥ ಸಣ್ಣ ಒರಟು ಎದ್ದ ಮೇಲೆ ಚಾಕುವನ್ನು ತಿರುಗಿಸಿ, ಕೊನೆಗೆ ಹಗುರವಾಗಿ ಎಳೆದು ಆ ಒರಟನ್ನು ತೆಗೆಯಬೇಕು. ತಿಂಗಳಿಗೊಮ್ಮೆ ಇಷ್ಟು ಮಾಡಿ, ಬಳಸುವ ಮುನ್ನ ಸ್ಟೀಲ್ ಕಡ್ಡಿಗೆ ನಾಲ್ಕಾರು ಸಲ ಸವರಿದರೆ ಹರಿತ ನಿಲ್ಲುತ್ತದೆ. ತುಕ್ಕು ಹಿಡಿಯದ ಉಕ್ಕೆಂದು ಹುಣಸೆಹುಳಿ, ಉಪ್ಪು ಮೆತ್ತಿದ ಚಾಕುವನ್ನು ರಾತ್ರಿಯಿಡೀ ಸಿಂಕಿನಲ್ಲಿ ಬಿಡಬಾರದು, ಚುಕ್ಕೆ ಬೀಳುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಕಲೆ ಬೇರೆ. ತೊಳೆದ ಕೂಡಲೇ ಒರೆಸಿದರೆ ಅದೂ ಇರುವುದಿಲ್ಲ.

ಒರೆ ಮಾಡಿಕೊಳ್ಳಲೆಂದು ಕೊಂಡ ದಿನವೇ ರಟ್ಟಿನ ಮೇಲೆ ಅಲಗಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಮೊನ್ನೆ ಅದರ ಮೇಲೆ ಚಾಕುವನ್ನಿಟ್ಟು ನೋಡಿದಾಗ, ಅಲಗಿನ ಬಾಯಿ ಉದ್ದಕ್ಕೂ ಗೆರೆಗೆ ಕೂಡಿಕೊಂಡೇ ಇತ್ತು. ಕಣ್ಣಿಗೆ ಕಾಣುವಷ್ಟು ಸವೆದಿದ್ದು ಸಾಣೆಯ ಚಕ್ರ ತಾಗಿದ ಆ ಹಳ್ಳದಲ್ಲಿ ಮಾತ್ರ.